ನೂರಾ ಹದಿನಾಲ್ಕನೆಯ ಚಿತ್ರ

ಕ್ಯಾನ್ಸಾಸ್ ಸಿಟಿ
ನವೆಂಬರ್ 9, 1953

ಪ್ರೀತಿಯ ಓಪಲ್ ಅಕ್ಕನಿಗೆ,

ನನ್ನ ಕಾಗದ ನೋಡಿ ನಿನಗೆ ಆಶ್ಚರ್ಯವಾಗಿರಬೇಕು. ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಹಾಕಿದರೆ ಅದೇ ಹೆಚ್ಚು ಎನ್ನುವ ತಮ್ಮ ಈಗೇಕೆ ಬರೆದ ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಕಾರಣವಿದೆ, ಹೇಳುತ್ತೇನೆ.

ವಿಚಿಟಾದ ಒಂದು ಕಲಾಭವನದವರು ಬರುವ ಏಪ್ರಿಲ್ ಕೊನೆಗೆ ನನ್ನ ಮೂವತ್ತು ವರ್ಷದ ಚಿತ್ರಗಳನ್ನು ಒಟ್ಟಿಗೆ ತೂಗುಹಾಕುತ್ತಾರಂತೆ. ಐದು ಕೋಣೆಗಳು, ಅಕ್ಕ! ಬಾಗಿಲ ಮೇಲೆ ನಮ್ಮ ಗುಡ್ಡಗಳ ಹೆಸರು ಸೇರಿಸಿ ‘ಫ್ಲಿಂಟ್ ಹಿಲ್ಸ್‌ನ ಚಿತ್ರಕಾರ ಎಮೆಟ್ ಹ್ಯಾಸ್ಲರ್’ ಎಂದು ದೊಡ್ಡ ಅಕ್ಷರದಲ್ಲಿ ಬರೆಸುತ್ತಾರಂತೆ. ಶಿಕಾಗೋದ ಕಲಾಶಾಲೆಯವರು ‘ಹುಲ್ಲು ಬಿಟ್ಟರೆ ಇವನಿಗೆ ಬೇರೇನೂ ಬರೆಯಲು ಬಾರದು’ ಎಂದು ವಾಪಸು ಕಳಿಸಿದ ಮನುಷ್ಯ ನಾನು. ರೈಲಿನವರ ಕ್ಯಾಲೆಂಡರಿಗೆ ಗುಡ್ಡ ಬರೆದೆ, ಕಷ್ಟಕಾಲದಲ್ಲಿ ಅಂಚೆ ಕಚೇರಿಗಳ ಗೋಡೆಗೆ ಗುಡ್ಡ ಬರೆದೆ, ಹದಿನೈದು ವರ್ಷದಿಂದ ಇಲ್ಲಿ ಸಂಜೆ ಶಾಲೆಯಲ್ಲಿ ಗೃಹಿಣಿಯರಿಗೆ ಗುಡ್ಡ ಬರೆಯುವುದನ್ನು ಹೇಳಿಕೊಡುತ್ತಿದ್ದೇನೆ. ಐವತ್ತೆರಡನೆಯ ವಯಸ್ಸಿನಲ್ಲಿ ಕಡೆಗೂ ಯಾರೋ ಬಾಗಿಲು ತಟ್ಟಿದ್ದಾರೆ.

ನಿನ್ನ ಅಡುಗೆಮನೆಯಲ್ಲಿರುವ ಹಳ್ಳದ ಚಿತ್ರ ಮತ್ತು ನಡುಮನೆಯ ಗಾಳಿಯಂತ್ರದ ಚಿತ್ರ, ಎರಡನ್ನೂ ಮೂರು ತಿಂಗಳ ಮಟ್ಟಿಗೆ ಕೊಡುವೆಯಾ? ರೈಲಿಗೆ ಹಾಕಿದರೆ ಸಾಕು.

ಇನ್ನೊಂದು ವಿಷಯ. ಕೊಟ್ಟಿಗೆಯ ಅಟ್ಟದಲ್ಲಿ ನಾನು ಬಿಟ್ಟುಬಂದ ಒಂದು ಚಪ್ಪಟೆ ಪೆಟ್ಟಿಗೆ ಇರಬೇಕು, ಸುತ್ತಲೂ ಮೊಳೆ ಹೊಡೆದದ್ದು. ಒಳಗೆ ಹಾಳಾದ ಒಂದು ಕ್ಯಾನ್ವಾಸ್ ಬಿಟ್ಟರೆ ಏನೂ ಇಲ್ಲ. ಅದನ್ನೂ ಇದರ ಜೊತೆಗೆ ಕಳಿಸು. ತೆರೆಯುವ ತೊಂದರೆ ತೆಗೆದುಕೊಳ್ಳಬೇಡ.

ಸೋದರಳಿಯ ವೆಸ್‌ಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಪ್ರೀತಿಯ ತಮ್ಮ,
ಎಮೆಟ್


ಸಾಲ್ಟ್ ಕ್ರೀಕ್
ನವೆಂಬರ್ 20, 1953

ಎಮೆಟ್,

ಐದು ಕೋಣೆ ಎಂದು ಓದಿ ಒಲೆಯ ಮೇಲಿದ್ದ ನೂಡಲ್ಸ್ ತಳ ಹಿಡಿಸಿದೆ. ಅಮ್ಮ ಇದ್ದಿದ್ದರೆ ಇಗರ್ಜಿಯ ಹೆಂಗಸರನ್ನೆಲ್ಲ ಹಿಡಿದು ನಿಲ್ಲಿಸಿ ಹೇಳುತ್ತಿದ್ದಳು. ಅವಳ ಬದಲು ನಾನು ಹೇಳಿದೆ. ಪಾದ್ರಿಯ ಹೆಂಡತಿ ‘ನಮ್ಮ ಎಮೆಟ್ಟಾ? ಹುಲ್ಲು ಕೊಯ್ಯೋ ದಿನಾನೇ ಹೊಟ್ಟೆನೋವು ಬರಿಸ್ಕೊಳ್ತಿದ್ನಲ್ಲ, ಅವನಾ?’ ಎಂದಳು. ಅವನೇ ಎಂದೆ.

ಎರಡೂ ಚಿತ್ರಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿಟ್ಟಿದ್ದೇನೆ. ಹಳ್ಳದ ಚಿತ್ರದ ಕೆಳಮೂಲೆಗೆ ನಮ್ಮ ಬೇಕನ್ ಹುರಿದ ಜಿಡ್ಡು ಹತ್ತಿದೆ. ವಿಚಿಟಾದವರು ಅದನ್ನೂ ಕಲೆ ಎಂದುಕೊಂಡರೆ ನನ್ನದೇನೂ ಅಭ್ಯಂತರವಿಲ್ಲ. ಪೆಟ್ಟಿಗೆ ಮಾತ್ರ ಸದ್ಯಕ್ಕೆ ಆಗುವುದಿಲ್ಲ. ಅಟ್ಟದ ತುಂಬ ಹುಲ್ಲಿನ ಕಟ್ಟುಗಳಿವೆ, ಅವುಗಳ ಹಿಂದೆ ಎಲ್ಲೋ ಇರಬೇಕು.

ವೆಸ್ ವಿಷಯ ಬರೆಯದೆ ಇರಲಾರೆ. ಅವನಿಗೆ ಇಪ್ಪತ್ತನಾಲ್ಕು ತುಂಬಿತು, ನಡಿಗೆ ಥೇಟ್ ಅವನಪ್ಪ ಲೈಲ್‌ನದು. ಟೆಕ್ಸಸ್‌ನ ದನದ ಯಜಮಾನರು ಈ ಸಲ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಾರೆ: ವಸಂತದಲ್ಲಿ ಸುಟ್ಟು ಹೊಸ ಹುಲ್ಲು ಬಂದ ಗಾವಲಾದರೆ ಮಾತ್ರ ಬೇಸಿಗೆಗೆ ಬಾಡಿಗೆ ಕೊಟ್ಟು ಮೇಯಲು ದನ ಕಳಿಸುತ್ತಾರಂತೆ. ಹುಲ್ಲು ಸುಡುವಾಗ ಲೈಲ್ ಸತ್ತ ಮೇಲೆ ನಮ್ಮ ಗಾವಲಿಗೆ ಬೆಂಕಿ ಬಿದ್ದಿಲ್ಲ. ಮೇಲಿನ ಇಳಿಜಾರಿನಲ್ಲಿ ಸೀಡರ್ ಮರಗಳು ಆಳೆತ್ತರ ಬೆಳೆದಿವೆ. ಇನ್ನು ನಾಲ್ಕು ವರ್ಷ ಬಿಟ್ಟರೆ ಇದು ಗಾವಲೇ ಅಲ್ಲ, ಕಾಡು.

ಒಬ್ಬೊಬ್ಬರೇ ಸುಡುವ ಕೆಲಸವಲ್ಲ ಇದು, ನಿನಗೆ ಗೊತ್ತು. ನೆರೆಯವರು ನೀರಿನ ಪೀಪಾಯಿ, ಒದ್ದೆ ಗೋಣಿ ಹಿಡಿದು ಬರಬೇಕು. ಯಾರ ಗಾವಲು ಯಾವತ್ತು ಎಂದು ತೀರ್ಮಾನಿಸುವುದು ಈಗಲೂ ನಮ್ಮ ದಕ್ಷಿಣದ ನೆರೆಯ ಗಸ್ ಟೈಕ್‌ಮನ್. ವೆಸ್ ಟೋಪಿ ಕೈಯಲ್ಲಿ ಹಿಡಿದು ಅವನ ಮನೆಗೆ ಹೋಗಿ ಕೇಳಿದ. ಗಸ್ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

‘ಬೆಂಕಿ ಹಚ್ಚೋಕೆ ಕೈನೂ ಬೇಕು, ತಲೆನೂ ಬೇಕು, ಮಗಾ. ನಿಮ್ಮಪ್ಪನಿಗೆ ಒಂದೇ ಇದ್ದದ್ದು. ಗಾಳಿ ತಿರುಗ್ತು ಅಂತ ನಿಮ್ಮ ಮಾವ ಎಮೆಟ್ ಗುಡ್ಡದ ಮೇಲಿಂದ ಚೀಲ ಬೀಸಿದ. ನಿಮ್ಮಪ್ಪ ತಲೆ ಎತ್ತಿ ನೋಡ್ಲಿಲ್ಲ, ಸುಮ್ನೆ ಹಚ್ಕೊಂಡು ಹೋದ. ನನ್ನ ಕೊಟ್ಟಿಗೆ ಹೋಯ್ತು. ಅವನನ್ನ ಎಳೆಯೋಕೆ ಹೋಗಿ ಇದು ಹೋಯ್ತು.’

‘ಇದು’ ಎಂದು, ಸುಟ್ಟು ಅಂಟಿಕೊಂಡ ಬೆರಳುಗಳ ಬಲಗೈಯನ್ನು ಮೇಜಿನ ಮೇಲೆ ಇಟ್ಟನಂತೆ. ವೆಸ್ ಮನೆಗೆ ಬಂದು ಊಟ ಮುಟ್ಟಲಿಲ್ಲ. ಇಲ್ಲಿ ಯಾರಾದರೂ ಅಜಾಗರೂಕತೆಯಿಂದ ಬೆಂಕಿಕಡ್ಡಿ ಗೀರಿದರೂ ‘ಲೈಲ್ ಬ್ರನ್‌ಸನ್ ಥರ ಮಾಡ್ಬೇಡ’ ಎನ್ನುತ್ತಾರೆ. ಹುಡುಗ ಇದನ್ನು ಎಂಟನೆಯ ವಯಸ್ಸಿನಿಂದ ಕೇಳುತ್ತಾ ಬೆಳೆದಿದ್ದಾನೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಕೆಲಸ ನೀನು ಮಾಡಿದೆ. ಆದರೂ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತದೆ. ಲೈಲ್ ತಲೆ ಎತ್ತದ ಮನುಷ್ಯನಲ್ಲ. ಇಗರ್ಜಿಯಲ್ಲಿ ಪ್ರಾರ್ಥನೆ ನಡೆಯುವಾಗಲೂ ಒಂದು ಕಣ್ಣು ತೆರೆದು ಕಿಟಕಿಯಾಚೆ ಮೋಡ ನೋಡುತ್ತಿದ್ದ.

ನಿನ್ನ ಅಕ್ಕ,
ಓಪಲ್


ಕ್ಯಾನ್ಸಾಸ್ ಸಿಟಿ
ಡಿಸೆಂಬರ್ 2, 1953

ಪ್ರೀತಿಯ ಅಕ್ಕನಿಗೆ,

ಎರಡೂ ಚಿತ್ರಗಳು ಸುರಕ್ಷಿತವಾಗಿ ಬಂದವು. ಜಿಡ್ಡನ್ನು ಹತ್ತಿಯಿಂದ ಒರೆಸಿದೆ.

ಪೆಟ್ಟಿಗೆಯ ವಿಷಯ ಸ್ವಲ್ಪ ಅವಸರದ್ದು. ನಾನು ಪ್ರತಿ ಚಿತ್ರಕ್ಕೂ ಸಂಖ್ಯೆ ಹಾಕಿ ಪಟ್ಟಿ ಇಡುತ್ತೇನೆ, ಬೆನ್ನಿಗೆ ತಾರೀಖು, ಗಂಟೆ ಬರೆಯುತ್ತೇನೆ, ಅದು ನಿನಗೆ ಗೊತ್ತಿರುವುದೇ. ಕಲಾಭವನದ ಮಿಸ್ ವಿಟಕರ್ ಆ ಪಟ್ಟಿಯನ್ನು ಗೆರೆಗೆರೆ ಓದಿದ್ದಾಳೆ. ನೂರಾ ಹದಿಮೂರು ಇದೆ, ನೂರಾ ಹದಿನೈದು ಇದೆ, ನಡುವಿನದು ಎಲ್ಲಿ ಎಂದು ಹಿಡಿದುಕೊಂಡಿದ್ದಾಳೆ. ಹಾಳಾಯಿತು ಎಂದೆ. ‘ಹಾಳಾದ್ರೂ ಪರವಾಗಿಲ್ಲ, ನಾನು ನೋಡ್ಬೇಕು. ನಿಮ್ಮ ಅಕ್ಕನ ಮನೇಲಿ ಇರಬಹುದು ಅಲ್ವಾ? ನಾನೇ ಕಾರ್ ತಗೊಂಡು ಹೋಗಿಬರ್ತೀನಿ’ ಎನ್ನುತ್ತಾಳೆ. ಅವಳು ಬಿಡುವ ಪೈಕಿ ಅಲ್ಲ.

ಹಾಗಾಗಿ ಬರುವ ಗುರುವಾರ ಇಲ್ಲಿಂದ ಒಬ್ಬ ಲಾರಿಯವನನ್ನು ಕಳಿಸುತ್ತಿದ್ದೇನೆ. ಹುಲ್ಲು ಸರಿಸಿ ಪೆಟ್ಟಿಗೆ ಇಳಿಸುವುದೆಲ್ಲ ಅವನೇ ಮಾಡುತ್ತಾನೆ. ನೀನು ಅಟ್ಟ ಹತ್ತಬೇಡ, ನಿನ್ನ ಸೊಂಟಕ್ಕೆ ಆಗುವುದಿಲ್ಲ. ವೆಸ್ ಕೂಡ ಮುಟ್ಟುವುದು ಬೇಡ.

ಗಸ್ ಹೇಳಿದ್ದು ಓದಿ ಬೇಸರವಾಯಿತು. ಆದರೆ ಅಕ್ಕ, ಹದಿನಾರು ವರ್ಷ ಆಗುತ್ತಾ ಬಂತು. ಕೆದಕಿ ಏನು ಬರುತ್ತದೆ? ವೆಸ್‌ಗೆ ಇಲ್ಲೇ ಪಟ್ಟಣದಲ್ಲಿ ಏನಾದರೂ ಕೆಲಸ ನೋಡಬಹುದು. ಆ ಗಾವಲಿಗೇ ಅಂಟಿಕೊಂಡು ಕೂರಬೇಕೆಂದು ಎಲ್ಲಿದೆ.

ನಿನ್ನ ತಮ್ಮ,
ಎಮೆಟ್


ಸಾಲ್ಟ್ ಕ್ರೀಕ್
ಜನವರಿ 11, 1954

ಎಮೆಟ್,

ನಿನ್ನ ಲಾರಿಯವನಿಗೆ ಕಾಫಿ, ಚೆರಿ ಪೈ ಕೊಟ್ಟು ಖಾಲಿ ಕಳಿಸಿದ್ದು ನಾನೇ. ಅವನನ್ನು ಬೈಯಬೇಡ. ಅಷ್ಟರಲ್ಲಾಗಲೇ ಪೆಟ್ಟಿಗೆ ನನ್ನ ಅಡುಗೆಮನೆಯ ಮೇಜಿನ ಮೇಲಿತ್ತು.

ಒಂದು ತಿಂಗಳಿಂದ ಈ ಕಾಗದ ಬರೆಯಲು ಕೂತು ಕೂತು ಎದ್ದಿದ್ದೇನೆ.  ಇವತ್ತು ಮುಗಿಸದೆ ಏಳುವುದಿಲ್ಲ.

ವೆಸ್ ಪೇಟೆಗೆ ಹೋಗಿದ್ದ. ಲೈಲ್‌ನ ಮೊಳೆ ಕೀಳುವ ಇಕ್ಕಳದಿಂದ ಒಂದೊಂದೇ ಮೊಳೆ ತೆಗೆದೆ. ಇಪ್ಪತ್ತಾರು ಇದ್ದವು. ಹಾಳಾದ ಕ್ಯಾನ್ವಾಸಿಗೆ ಇಪ್ಪತ್ತಾರು ಮೊಳೆ ಯಾರಾದರೂ ಹೊಡೆಯುತ್ತಾರಾ? ಒಳಗೆ ಮೊದಲು ಸಿಕ್ಕಿದ್ದು ಬಟ್ಟೆ. ಬಿಡಿಸಿದೆ. ಕೆಂಪು ಹುಂಜದ ಗುರುತಿನ ಹಿಟ್ಟಿನ ಚೀಲ. ಆ ಬೆಳಿಗ್ಗೆ ನನ್ನ ಕೈಯಾರೆ ಹಿಟ್ಟು ಕೊಡವಿ ನಿನಗೆ ಕೊಟ್ಟದ್ದು, ‘ಗಾಳಿ ತಿರುಗಿದ್ರೆ ಇದನ್ನ ಬೀಸು, ಬೆಳ್ಳಗಿದೆ, ಚೆನ್ನಾಗಿ ಕಾಣತ್ತೆ’ ಎಂದು. ಬೆಳ್ಳಗಿರಲಿಲ್ಲ. ಉದ್ದಕ್ಕೂ ನೀಲಿ, ಬೂದಿ, ಕಿತ್ತಳೆ. ಕುಂಚ ಒರೆಸಿ ಒರೆಸಿ ಕೊಂಬಿನ ಹಾಗೆ ಗಟ್ಟಿಯಾಗಿದೆ.

ಆಮೇಲೆ ಚಿತ್ರ ನೋಡಿದೆ.

ನನಗೆ ಕಲೆ ತಿಳಿಯುವುದಿಲ್ಲ. ಹೊಗೆ ತಿಳಿಯುತ್ತದೆ. ಆ ದಿನ ಗಾಳಿ ದಕ್ಷಿಣದಿಂದ ಇತ್ತು. ಅದಕ್ಕೇ ಲೈಲ್ ಮೊದಲು ಉತ್ತರದ ಅಂಚಿಗೆ ಬೆಂಕಿ ಹಚ್ಚಿದ. ಅದು ಗಾಳಿಗೆ ಎದುರಾಗಿ ನಿಧಾನ ತೆವಳಬೇಕು, ಆಮೇಲೆ ದಕ್ಷಿಣದ ಅಂಚಿಗೆ ಹಚ್ಚಬೇಕು. ಎಲ್ಲರೂ ಹಾಗೆಯೇ ಮಾಡುವುದು. ಲೈಲ್ ತಗ್ಗಿನಲ್ಲಿದ್ದ. ಅಲ್ಲಿ ಗಾಳಿ ಮೈಗೆ ತಾಗುವುದಿಲ್ಲ, ಏರಿನಾಚೆಯ ಬೆಂಕಿ ಕಣ್ಣಿಗೆ ಬೀಳುವುದಿಲ್ಲ. ಅದಕ್ಕಾಗಿಯೇ ಗುಡ್ಡದ ಮೇಲೆ ಒಬ್ಬ ಗಾಳಿ ಕಾಯುವವನು. ಆ ಒಬ್ಬ ನೀನು.

ನಿನ್ನ ಚಿತ್ರದಲ್ಲಿ ಉತ್ತರದ ಹೊಗೆ ಆಗಲೇ ದಕ್ಷಿಣಕ್ಕೆ ಮಲಗಿದೆ. ಗಾಳಿ ತಿರುಗಿ ಆಗಿದೆ. ದಕ್ಷಿಣದ ಅಂಚಿನಲ್ಲಿ ಹುಲ್ಲು ಇನ್ನೂ ಹಳದಿಯಾಗಿ ನಿಂತಿದೆ, ಒಂದು ಕಡ್ಡಿಯೂ ಸುಟ್ಟಿಲ್ಲ. ಆ ಹುಲ್ಲಿನ ನಡುವೆ ಹೆಬ್ಬೆರಳ ಉಗುರಿನಷ್ಟು ಒಬ್ಬ ಮನುಷ್ಯ. ಬೆಂಕಿ ಹಚ್ಚುವ ಎಣ್ಣೆಕೊಳವೆಯನ್ನು ನೆಲಕ್ಕೆ ಊರಿ ನಿಂತಿದ್ದಾನೆ. ಮುಖದ ಜಾಗದಲ್ಲಿ ಒಂದು ಬಿಳಿ ಚುಕ್ಕಿ ಇಟ್ಟಿದ್ದೀಯ. ಅವನು ಗುಡ್ಡದ ಕಡೆ ನೋಡುತ್ತಿದ್ದಾನೆ, ಎಮೆಟ್. ಒಂದು ಕೈ ಮೇಲೆತ್ತಿದ್ದಾನೆ.

ಬೆನ್ನಿಗೆ ನಿನ್ನದೇ ಅಕ್ಷರ: ‘114. ಏಪ್ರಿಲ್ 11, 1938. ಮಧ್ಯಾಹ್ನ 3:20ರಿಂದ 3:45.’

ಹಳ್ಳದ ಬೋಳು ಕಲ್ಲುಹಾಸು ಅವನಿಂದ ನೂರು ಹೆಜ್ಜೆ ದೂರದಲ್ಲಿತ್ತು. ಅಲ್ಲಿ ಸುಡಲು ಒಂದು ಎಸಳು ಹುಲ್ಲಿಲ್ಲ. ಬೆಂಕಿ ಏರು ದಾಟಿ ಮೈಮೇಲೆ ಬಂದಾಗ ಕಾಲಬುಡದ ಹುಲ್ಲಿಗೆ ತಾನೇ ಹಚ್ಚಿ, ಸುಟ್ಟ ನೆಲದಲ್ಲಿ ನಿಲ್ಲಲು ನೋಡಿದ್ದಾನೆ. ಬೇರೆ ದಾರಿ ಇರಲಿಲ್ಲ. ಅದೇ ಬೆಂಕಿ ಗಸ್‌ನ ಕೊಟ್ಟಿಗೆಗೆ ಹೋಯಿತು. ಅದನ್ನೇ ಊರು ‘ತಲೆ ಇಲ್ಲದೆ ಹಚ್ಚಿದ’ ಎಂದಿತು. ನೀನು ಲೈಲ್‌ನ ಶವಪೆಟ್ಟಿಗೆಯ ಪಕ್ಕ ನಿಂತು, ನನ್ನ ಕೈ ಹಿಡಿದುಕೊಂಡು, ‘ನಾನು ಬೀಸಿದೆ ಅಕ್ಕ, ಅವನು ನೋಡ್ಲಿಲ್ಲ’ ಎಂದೆ.

ಓಪಲ್ ಬ್ರನ್‌ಸನ್


ಕ್ಯಾನ್ಸಾಸ್ ಸಿಟಿ
ಜನವರಿ 19, 1954

ಅಕ್ಕ,

ನೀನು ಅಂದುಕೊಂಡಷ್ಟನ್ನು ಚಿತ್ರ ಹೇಳುವುದಿಲ್ಲ. ಚಿತ್ರಕಾರರು ಎಲ್ಲವನ್ನೂ ಕಂಡ ಹಾಗೆಯೇ ಬರೆಯುವುದಿಲ್ಲ. ಹೊಗೆಯನ್ನು ಆ ಕಡೆ ಮಲಗಿಸಿದರೆ ಚಿತ್ರಕ್ಕೆ ತೂಕ ಬರುತ್ತದೆಂದು ಮಲಗಿಸಿರಬಹುದು. ಮನುಷ್ಯನನ್ನು ಆಮೇಲೆ ಕೋಣೆಯಲ್ಲಿ ಕೂತು ಸೇರಿಸಿರಬಹುದು. ಇಷ್ಟು ವರ್ಷದ ಮೇಲೆ ನನಗೇ ನೆನಪಿಲ್ಲ. ಗಂಟೆ ಕೂಡ ಅಂದಾಜಿನದು.

ಚೀಲದ ವಿಷಯ, ನಾನು ಬೀಸಿದ ಮೇಲೆ ಅದರಲ್ಲಿ ಕುಂಚ ಒರೆಸಿರಬಹುದು.

ನಿನ್ನ ಕಾಲು ಹಿಡಿದು ಕೇಳುತ್ತೇನೆ, ಅದನ್ನು ಯಾರಿಗೂ ತೋರಿಸಬೇಡ. ಒಲೆಗೆ ಹಾಕಿಬಿಡು. ಆಗಲೇ ನಾನೇ ಸುಡಬೇಕಿತ್ತು. ಎರಡು ಸಲ ಕಡ್ಡಿ ಗೀರಿದೆ, ಕೈ ಬರಲಿಲ್ಲ. ಅದು ಲೈಲ್‌ನನ್ನು ವಾಪಸು ತರುವುದಿಲ್ಲ. ನನ್ನನ್ನು ಮಾತ್ರ ಮುಗಿಸುತ್ತದೆ. ಮೂವತ್ತು ವರ್ಷ ಕಾದಿದ್ದೇನೆ, ಅಕ್ಕ.

ಎಮೆಟ್


ಸಾಲ್ಟ್ ಕ್ರೀಕ್
ಫೆಬ್ರವರಿ 2, 1954

ಎಮೆಟ್,

ನಿನಗೆ ಹನ್ನೆರಡು ವರ್ಷವಿದ್ದಾಗ ಹಳೆಯ ಪಾದ್ರಿ ತನ್ನ ಮನೆಯ ಚಿತ್ರ ಬರೆಸಿಕೊಂಡು, ಅಂಗಳದಲ್ಲಿ ಒಂದು ಬಿಳಿ ಕುದುರೆ ಸೇರಿಸು ಎಂದ. ‘ನಿಮ್ಮ ಹತ್ರ ಬಿಳಿ ಕುದುರೆ ಇಲ್ವಲ್ಲ’ ಎಂದೆ ನೀನು. ‘ಇದ್ದಿದ್ರೆ ಚೆನ್ನಾಗಿರ್ತಿತ್ತು ಮಗು’ ಎಂದ. ‘ಇದ್ದಾಗ ಕರೀರಿ, ಬಂದು ಬರೀತೀನಿ’ ಎಂದು ಚಿತ್ರ ಎತ್ತಿಕೊಂಡು ಬಂದೆ. ಅಪ್ಪ ಬೆಲ್ಟ್ ಬಿಚ್ಚಿದಾಗ ಅಡ್ಡ ನಿಂತವಳು ನಾನು. ಈ ಹುಡುಗ ಚಿತ್ರದಲ್ಲಿ ಸುಳ್ಳು ಹೇಳುವುದಿಲ್ಲ ಎಂದು ನನಗೆ ಹೆಮ್ಮೆ ಇತ್ತು.

ನೀನು ಚಿತ್ರದಲ್ಲಿ ಇಲ್ಲದ್ದನ್ನು ಎಂದೂ ಸೇರಿಸಿದವನಲ್ಲ. ಸೇರಿಸಿದ್ದು ಬಾಯಲ್ಲಿ ಮಾತ್ರ.

ಒಲೆಗೆ ಹಾಕುವುದಿಲ್ಲ. ಗಸ್‌ಗೆ ತೋರಿಸುವುದೂ ಇಲ್ಲ. ವೆಸ್‌ಗೂ ಹೇಳಿಲ್ಲ. ಹಾಗೆಂದು ನಿನಗೆ ನಿರಾಳವಾಗುವುದು ಬೇಡ. ನಾನು ಹೊತ್ತುಕೊಂಡು ಹೋಗಿ ತೋರಿಸಿದರೆ ಹೆಂಡತಿ ಗಂಡನ ಪರ ವಕಾಲತ್ತು ಮಾಡಿದ ಹಾಗೆ. ಬೀಸಿದೆ ಎಂದು ಹೇಳಿದ ಬಾಯಿಯೇ ಬೀಸಲಿಲ್ಲ ಎಂದು ಹೇಳಬೇಕು.

ಮಾರ್ಚ್ 27, ಶನಿವಾರ, ಮಧ್ಯಾಹ್ನ ಎರಡು ಗಂಟೆಗೆ ಇಗರ್ಜಿಯ ನೆಲಮಾಳಿಗೆಯಲ್ಲಿ ಗಾವಲಿನವರ ಸಭೆ. ಯಾರ ಜಾಗ ಯಾವತ್ತು ಸುಡುವುದು ಎಂದು ಅಲ್ಲಿ ಗೊತ್ತುಮಾಡುತ್ತಾರೆ. ಅಲ್ಲಿಗೆ ಬಾ.

ನೀನು ಬಂದರೂ, ಬಿಟ್ಟರೂ, ಏಪ್ರಿಲ್‌ನಲ್ಲಿ ವೆಸ್ ಹಚ್ಚುತ್ತಾನೆ. ಒಬ್ಬರೂ ಬರದಿದ್ದರೆ ಒಬ್ಬನೇ ಹಚ್ಚುತ್ತಾನಂತೆ. ಎಷ್ಟು ಹೇಳಿದರೂ ಕೇಳುತ್ತಿಲ್ಲ, ಗೇಟಿನ ಹತ್ತಿರ ಪೀಪಾಯಿಗಳನ್ನು ಸಾಲಾಗಿ ಇಟ್ಟಾಗಿದೆ. ಆಗ ಗುಡ್ಡ ಹತ್ತಿ ಗಾಳಿ ಕಾಯುವವಳು ನಾನು, ಈ ಸೊಂಟ ಇಟ್ಟುಕೊಂಡು. ಕೆಳಗೆ ಒಬ್ಬನೇ ಮಗ. ಯೋಚನೆ ಮಾಡು.

ಓಪಲ್ ಬ್ರನ್‌ಸನ್


ಕ್ಯಾನ್ಸಾಸ್ ಸಿಟಿ
ಮಾರ್ಚ್ 8, 1954

ಅಕ್ಕ,

ಒಂದು ತಿಂಗಳು ಉತ್ತರಿಸಲಿಲ್ಲ. ಐದು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲು ಅಂಚೆಗೆ ಹಾಕುತ್ತೇನೆ.

ಗಾಳಿ ಕಾಯಲು ಹೋದವನು ಬಣ್ಣದ ಪೆಟ್ಟಿಗೆ ತೆಗೆದುಕೊಂಡು ಹೋದೆ. ಲೈಲ್ ನೋಡಿ ನಕ್ಕ. ‘ಬರ್ಕೊಳಪ್ಪಾ, ಆದ್ರೆ ನನ್ನ ಮೇಲೂ ಒಂದು ಕಣ್ಣಿರ್ಲಿ’ ಎಂದ. ಮೂರೂ ಇಪ್ಪತ್ತಕ್ಕೆ ಗಾಳಿ ಪೂರಾ ನಿಂತಿತು. ಹೊಗೆ ನೆಲದಿಂದ ನೆಟ್ಟಗೆ ಎದ್ದು ನಿಂತು, ಅಡಿಯಲ್ಲಿ ಕಿತ್ತಳೆ, ನಡುವೆ ನೇರಳೆ, ತುದಿಯಲ್ಲಿ ಬಿಸಿಲು. ಆಮೇಲೆ ನಿಧಾನವಾಗಿ ಈ ಕಡೆಗೆ ಮಗ್ಗುಲಾಯಿತು. ಗಾಳಿ ತಿರುಗಿತು ಎಂದು ನನಗೆ ಗೊತ್ತಾಯಿತು, ಅಕ್ಕ. ಗೊತ್ತಾಗಲಿಲ್ಲ ಎಂದು ಇನ್ನು ಹೇಳುವುದಿಲ್ಲ. ಅಂಥ ಬಣ್ಣವನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ಇನ್ನೊಂದು ನಿಮಿಷ ಎಂದುಕೊಂಡೆ. ಆ ನಿಮಿಷ ಮುಗಿದಾಗ ಇನ್ನೊಂದು ಎಂದುಕೊಂಡೆ. ಚೀಲ ನನ್ನ ಮೊಣಕಾಲ ಮೇಲಿತ್ತು. ಕುಂಚ ಒರೆಸುತ್ತಾ ಇದ್ದೆ.

ಲೈಲ್ ಎರಡು ಸಲ ನನ್ನ ಕಡೆ ನೋಡಿದ. ಎರಡನೆಯ ಸಲ ಕೈ ಎತ್ತಿದ, ಏನಾದರೂ ಇದೆಯಾ ಎಂದು ಕೇಳುವ ಹಾಗೆ. ನಾನು ಆ ಎತ್ತಿದ ಕೈಯನ್ನು ಬರೆದೆ. ಆ ದೊಡ್ಡ ಗಾವಲಿನಲ್ಲಿ ಆ ಚಿಕ್ಕ ಆಕೃತಿ ಎಷ್ಟು ಸರಿಯಾಗಿ ಕೂತಿತೆಂದು ಸಂತೋಷಪಟ್ಟೆ. ದೇವರಾಣೆ ಸಂತೋಷಪಟ್ಟೆ. ತಲೆ ಎತ್ತಿದಾಗ ಬೆಂಕಿ ಏರು ದಾಟಿತ್ತು. ಆಗ ಚೀಲ ಬೀಸಿದೆ, ಕೂಗಿದೆ, ಕೆಳಗೆ ಓಡಿದೆ. ಅಷ್ಟು ಹೊತ್ತಿಗೆ ಅವನು ನೋಡುವುದನ್ನು ಬಿಟ್ಟಿದ್ದ.

ಅದು ನಾನು ಬರೆದ ಅತ್ಯುತ್ತಮ ಚಿತ್ರ. ಆಮೇಲೆ ಬರೆದದ್ದೆಲ್ಲ ಅದೇ ಗುಡ್ಡ, ಬೆಂಕಿ ಬಿಟ್ಟು, ಮನುಷ್ಯನನ್ನು ಬಿಟ್ಟು. ‘ಹ್ಯಾಸ್ಲರ್ ಚಿತ್ರಗಳಲ್ಲಿ ಎಂಥ ಮೌನ’ ಎಂದು ಪತ್ರಿಕೆಯವರು ಹೊಗಳಿದಾಗಲೆಲ್ಲ ಆ ಹಾಳೆಯನ್ನು ಒಲೆಗೆ ಹಾಕುತ್ತಿದ್ದೆ.

ಬರಲು ಧೈರ್ಯವಿಲ್ಲ. ಗಸ್‌ನ ಕೈ ನೋಡಲಾರೆ. ವೆಸ್‌ನ ಮುಖ ನೋಡಲಾರೆ. ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕಳಿಸುತ್ತೇನೆ, ನೀನು ಸಭೆಯಲ್ಲಿ ಓದಿಬಿಡು. ಅಷ್ಟು ಸಾಲದೆ?

ಎಮೆಟ್


ಸಾಲ್ಟ್ ಕ್ರೀಕ್
ಮಾರ್ಚ್ 14, 1954

ಎಮೆಟ್,

ಸಾಲದು.

ಶನಿವಾರ, ಎರಡು ಗಂಟೆ. ಪೆಟ್ಟಿಗೆ ಅಡುಗೆಮನೆಯಲ್ಲಿದೆ. ಇಲ್ಲಿಂದ ಇಗರ್ಜಿಗೆ ನೀನೇ ಹೊತ್ತುಕೊಂಡು ಹೋಗಬೇಕು. ಊಟ ಮಾಡಿಕೊಂಡು ಹೋಗು ಎನ್ನುತ್ತೇನೋ ಇಲ್ಲವೋ ಈಗಲೇ ಹೇಳಲಾರೆ.

ಓಪಲ್


ಸಾಲ್ಟ್ ಕ್ರೀಕ್
ಏಪ್ರಿಲ್ 18, 1954, ಈಸ್ಟರ್ ಭಾನುವಾರ

ಎಮೆಟ್,

ಆ ಶನಿವಾರ ಸಭೆಯಲ್ಲಿ ನೀನು ಎಲ್ಲ ಹೇಳಿ ಮುಗಿಸಿ, ಕಾಫಿಗೂ ನಿಲ್ಲದೆ, ಟೋಪಿಯನ್ನೂ ಮರೆತು ಹೊರಟೆ. ಟೋಪಿ ನನ್ನ ಹತ್ತಿರವಿದೆ. ನೀನು ಹೋದ ಮೇಲೆ ನಡೆದದ್ದು ನಿನಗೆ ತಿಳಿಯಬೇಕು, ಅದಕ್ಕೆ ಬರೆಯುತ್ತಿದ್ದೇನೆ.

 ಮೊದಲು ಗಸ್ ಎದ್ದು ಕನ್ನಡಕ ಹಾಕಿಕೊಂಡು ಚಿತ್ರದ ಮುಂದೆ ನಿಂತ. ಬರೀ ಹೊಗೆ ನೋಡಿದ. ಆಮೇಲೆ ಹುಲ್ಲು ನೋಡಿದ. ಆಮೇಲೆ ಆ ಅಂಟಿದ ಬೆರಳುಗಳನ್ನು ಚಿತ್ರದ ಆ ಚುಕ್ಕಿಯ ಹತ್ತಿರ ತಂದು, ಮುಟ್ಟದೆ ಹಿಡಿದ.

‘ಉತ್ತರದ ಗಾಳಿ. ಇನ್ನೂ ಹಚ್ಚಿಲ್ಲ ಇವನು. ಕಾಯ್ತಾ ನಿಂತಿದಾನೆ’ ಎಂದ. ಯಾರಿಗೂ ಅಲ್ಲ, ತನಗೇ. ಆಮೇಲೆ ವೆಸ್ ಕಡೆ ತಿರುಗಿದ. ‘ನಿಮ್ಮಪ್ಪ ನೋಡ್ತಾನೇ ಇದ್ದ ಕಣೋ. ನಾನು ಹದಿನಾರು ವರ್ಷ ಬಾಯಿಗೆ ಬಂದಂಗೆ ಅಂದೆ.’

ವೆಸ್ ಎದ್ದು ಹೊರಗೆ ಹೋದ. ಮೂರು ದಿನ ಬೆಳಗಿನಿಂದ ಕತ್ತಲವರೆಗೆ ಮೇಲಿನ ಇಳಿಜಾರಿನಲ್ಲಿ ಸೀಡರ್ ಕಡಿದ. ನಾಲ್ಕನೆಯ ದಿನ ಹಾಲು ಕರೆಯುತ್ತಾ, ‘ಅಮ್ಮಾ, ಅದು ಅಷ್ಟು ಚೆನ್ನಾಗಿದೆಯಲ್ಲ, ಅದೇ ನನಗೆ ತಡ್ಕೊಳಕ್ಕೆ ಆಗ್ತಿಲ್ಲ’ ಎಂದ. ನನಗೂ ಅದೇ ಎಂದೆ. ಅವನು ನಿನ್ನನ್ನು ಕ್ಷಮಿಸಿಲ್ಲ. ನಾನು ಕ್ಷಮಿಸು ಎಂದು ಹೇಳಿಯೂ ಇಲ್ಲ.

ನಿನ್ನ ಮಿಸ್ ವಿಟಕರ್ ಬಂದಿದ್ದಳು. ನೀನೇ ಎಲ್ಲ ಹೇಳಿ ಕಳಿಸಿದೆಯಂತೆ, ಅದು ಒಳ್ಳೆಯದು ಮಾಡಿದೆ. ಚಿತ್ರದ ಮುಂದೆ ಕೂತು ಅತ್ತಳು. ವಿಚಿಟಾಕ್ಕೆ ಬೇಕು, ಮೊದಲ ಕೋಣೆಯಲ್ಲಿ ಹಾಕುತ್ತೇವೆ ಎಂದಳು. ಕೊಡುವುದಿಲ್ಲ ಎಂದೆ. ಅದು ಇಗರ್ಜಿಯ ನೆಲಮಾಳಿಗೆಯಲ್ಲೇ ಇರುತ್ತದೆ. ಗುಡ್ಡದ ಮೇಲೆ ಗಾಳಿ ಕಾಯಲು ಹೋಗುವವರು ಮೊದಲು ಅದರ ಮುಂದೆ ನಿಂತು, ಗಾಳಿ ಯಾವ ಕಡೆ, ಮನುಷ್ಯ ಏನು ಮಾಡುತ್ತಿದ್ದಾನೆ, ಎರಡನ್ನೂ ಬಾಯಿಬಿಟ್ಟು ಹೇಳಿ ಹೋಗಬೇಕು ಎಂದು ಗಸ್ ಕಟ್ಟಳೆ ಮಾಡಿದ್ದಾನೆ. ನಿನ್ನ ಐದು ಕೋಣೆಗಳಲ್ಲಿ ನೂರಾ ಹದಿನಾಲ್ಕರ ಜಾಗ ಖಾಲಿ ಇರಲಿ.

ಮಂಗಳವಾರ ನಮ್ಮ ಗಾವಲು ಸುಟ್ಟೆವು. ಹನ್ನೊಂದು ಪಿಕಪ್‌ಗಳು ಬಂದವು, ಎಣಿಸಿದೆ. ಹೆಂಗಸರು ಕೋಳಿ ಕರಿದು ತಂದಿದ್ದರು. ಗಾಳಿ ಯಾರು ಕಾಯುವುದು ಎಂದು ಗಸ್ ಕೇಳಿದ. ನಾನು ಎಂದೆ. ಗಸ್ ತನ್ನ ಪಿಕಪ್‌ನಲ್ಲಿ ಗುಡ್ಡದ ತುದಿಯವರೆಗೆ ಕರೆದುಕೊಂಡು ಹೋಗಿ, ಕುರ್ಚಿ ಹಾಕಿಕೊಟ್ಟು ಇಳಿದುಹೋದ. ಕೈಯಲ್ಲಿ ಅದೇ ಚೀಲ. ಸೀಮೆಎಣ್ಣೆಯಲ್ಲಿ ನೆನೆಸಿ ಮೂರು ಸಲ ಒಗೆದೆ, ಮೆತ್ತಗಾಯಿತು, ಬಣ್ಣ ಪೂರ್ತಿ ಹೋಗಲಿಲ್ಲ. ದೂರಕ್ಕೆ ಬೆಳ್ಳಗೇ ಕಾಣುತ್ತದೆ, ವೆಸ್‌ನನ್ನು ತಗ್ಗಿನಲ್ಲಿ ನಿಲ್ಲಿಸಿ ಮೊದಲೇ ನೋಡಿಸಿದ್ದೆ.

ಮೂರು ಗಂಟೆಯ ಮೇಲೆ ಗಾಳಿ ನಿಂತಿತು. ಉತ್ತರದ ಹೊಗೆ ನನ್ನ ಕಣ್ಣ ಮುಂದೆಯೇ ನೆಟ್ಟಗೆ ಎದ್ದು ನಿಂತಿತು, ನೀನು ಬರೆದ ಹಾಗೆಯೇ, ಅಡಿಯಲ್ಲಿ ಕಿತ್ತಳೆ, ನಡುವೆ ನೇರಳೆ. ಎಷ್ಟು ಚೆನ್ನಾಗಿತ್ತು, ಎಮೆಟ್! ಒಂದು ಕ್ಷಣ ನಾನೂ ನೋಡುತ್ತಾ ನಿಂತುಬಿಟ್ಟೆ. ಆ ಕ್ಷಣದಲ್ಲಿ ನೀನು ನನಗೆ ಅರ್ಥವಾದೆ. ಅರ್ಥವಾಗಿದ್ದಕ್ಕೇ ನಿನ್ನ ಮೇಲೆ ಹಿಂದೆಂದೂ ಬರದಷ್ಟು ಸಿಟ್ಟು ಬಂತು.

ಹೊಗೆ ಬಾಗುವುದನ್ನು ಕಾಯಲಿಲ್ಲ. ಎದ್ದು ಚೀಲ ಬೀಸಿದೆ. ಕೆಳಗೆ ವೆಸ್ ತಲೆ ಎತ್ತಿದ, ಕೊಳವೆ ಬಿಟ್ಟು ಹಳ್ಳದ ಕಲ್ಲುಹಾಸಿಗೆ ಓಡಿದ. ಗಾಳಿ ತಿರುಗಲೇ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ದಕ್ಷಿಣದಿಂದಲೇ ಬೀಸಿತು. ‘ಓಪಲ್, ಸುಮ್ನೆ ಎಲ್ಲರನ್ನೂ ಓಡಿಸಿದೆಯಲ್ಲೇ!’ ಎಂದು ಗಸ್ ನಕ್ಕ, ಮಿಕ್ಕವರೂ ನಕ್ಕರು, ಮತ್ತೆ ಕೆಲಸಕ್ಕೆ ಇಳಿದರು. ಸಂಜೆಯೊಳಗೆ ಗಾವಲು ಕಪ್ಪಾಗಿ ಮುಗಿದಿತ್ತು. ಇವತ್ತು ಬೆಳಿಗ್ಗೆ ನೋಡಿದರೆ ಬೂದಿಯೊಳಗಿಂದ ಹಸಿರು ಇಣುಕುತ್ತಿದೆ.

ನಿನ್ನ ಟೋಪಿ ಬೇಕಿದ್ದರೆ ಬಂದು ತೆಗೆದುಕೊಂಡು ಹೋಗು, ಅಂಚೆಗೆ ಹಾಕುವುದಿಲ್ಲ. ವೆಸ್ ಮನೆಯಲ್ಲಿಲ್ಲದ ದಿನ ನೋಡಿ ತಿಳಿಸುತ್ತೇನೆ.

ಇನ್ನೊಂದು. ಗುಡ್ಡದ ಮೇಲೆ ಲೈಲ್‌ನ ಗಡಿಯಾರ ನನ್ನ ಮಡಿಲಲ್ಲಿತ್ತು. ಚೀಲ ಎತ್ತಿದಾಗ ಮುಳ್ಳು ನೋಡಿಕೊಂಡೆ, ವೆಸ್ ಕಲ್ಲುಹಾಸಿನ ಮೇಲೆ ನಿಂತಾಗ ಮತ್ತೆ ನೋಡಿದೆ. ಆ ನೂರು ಹೆಜ್ಜೆಗೆ ನಲವತ್ತು ಸೆಕೆಂಡು ಆಗಿತ್ತು.

ನಿನ್ನ ಅಕ್ಕ,
ಓಪಲ್